ಆಯಾ ದಿನದ ಬಲ

(ಪುಣೆಯ ಕನ್ನಡ ಸಭೆಯೊಂದರ ಉಪವಾಸ ಪ್ರಾರ್ಥನಾ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಕ್ರೈಸ್ತ ಜೀವಿತದಲ್ಲಿ ತಾಳ್ಮೆ ಎಂಬ ವಿಷಯವನ್ನು ನನಗೆ ಕೊಟ್ಟಾಗ ಮೊದಲು ನನ್ನ ಮನಸ್ಸು ಹೋದದ್ದು ಆ ಪದದ ಕಡೆಗೇ. ತಾಳ್ಮೆ ಹುಟ್ಟಿದ್ದು ‘ತಾಳು’ ಎಂಬ ಕ್ರಿಯಾಪದದಿಂದ. ಅವಸರಪಡುವ ಮಗುವಿಗೆ ‘ಸ್ವಲ್ಪ ತಾಳು’ ಎನ್ನುತ್ತೇವೆ; ಅಲ್ಲಿ ಅದರ ಅರ್ಥ ಕಾಯುವುದು. ಮನೆ ಕಟ್ಟಿಸುವಾಗ ‘ಈ ತೊಲೆ ಇಷ್ಟು ಭಾರ ತಾಳುತ್ತದೆಯೇ’ ಎಂದು ಗೌಂಡಿಯನ್ನು ಕೇಳುತ್ತೇವೆ. ಅಲ್ಲಿ ಅದರ ಅರ್ಥ ಹೊರುವುದು. ಕಾಯುವುದನ್ನೂ ಹೊರುವುದನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿರುವ ಭಾಷೆ ನಮ್ಮದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ತಾಳ್ಮೆಗೆ ಬರುವ ಒಂದು ಪದ ಹುಪೊಮೊನೆ. ಅದನ್ನು ಬಿಡಿಸಿದರೆ ‘ಅಡಿಯಲ್ಲಿ ಉಳಿಯುವುದು’ ಎಂದಾಗುತ್ತದೆ. ಭಾರ ಬಿದ್ದಾಗ ಅದರ ಕೆಳಗಿನಿಂದ ಜಾರಿಕೊಳ್ಳದೆ ನಿಲ್ಲುವುದು. ‘ತಾಳಿದವನು ಬಾಳಿಯಾನು’ ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಆದರೆ ಆ ಗಾದೆ ತಾಳು ಎನ್ನುತ್ತದೆಯೇ ಹೊರತು ತಾಳುವುದಕ್ಕೆ ಬೇಕಾದ ಬಲ ಎಲ್ಲಿಂದ ಬರಬೇಕೆಂದು ಹೇಳುವುದಿಲ್ಲ. ತೊಲೆಯನ್ನೇ ನೋಡಿ, ಎರಡು ತುದಿಗಳಲ್ಲಿ ಗೋಡೆ ಅದನ್ನು ಹೊತ್ತಿರದಿದ್ದರೆ, ಅದು ಎಂಥ ತೇಗದ ಮರದ್ದಾದರೂ ಏನನ್ನು ತಾಳೀತು? ನಾನು ಇಂದು ಮಾತನಾಡಬೇಕೆಂದಿರುವುದು ದೇವರಿಂದ ಬರುವ ಆ ಬಲದ ಕುರಿತು, ಅದರಲ್ಲೂ ಅದು ಯಾವ ಅಳತೆಯಲ್ಲಿ ಮತ್ತು ಯಾವ ಹೊತ್ತಿಗೆ ಬರುತ್ತದೆ ಎಂಬುದರ ಕುರಿತು. ನಮ್ಮಲ್ಲಿ ಅನೇಕರು ಕುಗ್ಗಿಹೋಗುವುದು ದೇವರಲ್ಲಿ ನಂಬಿಕೆಯಿಲ್ಲದೆ ಅಲ್ಲ, ಆತನ ಅಳತೆಯನ್ನು ಅರಿಯದೆ ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸಿದೆ.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರಿಗೆ ಜೋಳದ ಹಿಟ್ಟಿನ ಸ್ವಭಾವವನ್ನು ನಾನು ವಿವರಿಸಬೇಕಾಗಿಲ್ಲ. ಮಂಗಳೂರು, ಉಡುಪಿಯ ಕಡೆಯಿಂದ ಬಂದವರಿಗಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಚೀಲಗಟ್ಟಲೆ ಜೋಳವಿದ್ದರೂ ಅವ್ವ ಗಿರಣಿಗೆ ಕಳಿಸುತ್ತಿದ್ದದ್ದು ಒಂದು ಸಣ್ಣ ಡಬ್ಬಿಯಷ್ಟು, ನಾಲ್ಕೈದು ದಿನಕ್ಕೆ ಸಾಕಾಗುವಷ್ಟು ಮಾತ್ರ. ಗಿರಣಿಗೆ ಹೋಗಿ ಸರದಿಯಲ್ಲಿ ನಿಲ್ಲುವ ಕೆಲಸ ನನ್ನದು. ಮೇಲಿಂದ ಮೇಲೆ ಹೋಗುವ ಬೇಸರಕ್ಕೆ, ಒಂದು ಬೇಸಿಗೆಯಲ್ಲಿ, ಅವ್ವನನ್ನು ಕೇಳದೆಯೇ ದೊಡ್ಡ ಡಬ್ಬಿಯ ತುಂಬ ಜೋಳ ಬೀಸಿಸಿಕೊಂಡು ಬಂದೆ. ಅವ್ವ ಬೈಯಲಿಲ್ಲ. ಸುಮಾರು ದಿನ ಕಳೆದ ಮೇಲೆ ಅದೇ ಹಿಟ್ಟನ್ನು ಪರಾತದಲ್ಲಿ ಹಾಕಿ, ಕುದಿಯುವ ನೀರು ಬಿಟ್ಟು ನಾದಿ, ರೊಟ್ಟಿ ಬಡಿಯುವುದಕ್ಕೆ ನನ್ನನ್ನೇ ಕೂರಿಸಿದಳು. ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಎತ್ತಿ ಹಂಚಿನ ಮೇಲೆ ಹಾಕುವಷ್ಟರಲ್ಲಿ ನಡುವೆ ಹರಿದು ಎರಡಾಯಿತು. ಹಿಟ್ಟು ಹಳತಾದರೆ ಅದರ ಜಿಗುಟು ಹೋಗುತ್ತದೆ. ಎಷ್ಟು ನಾದಿದರೂ ಅದು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ‘ಜ್ವಾಳ ಕಾಳಿನ್ಯಾಗ ಇದ್ದರ ವರ್ಷಾನಗಟ್ಟಲೆ ಇರತದ, ಹಿಟ್ಟಾದ ಮ್ಯಾಲೆ ಕಾಯೂದಿಲ್ಲ’ ಎಂದಳು ಅವ್ವ.

ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಆ ಹರಿದ ರೊಟ್ಟಿ ನೆನಪಾಗುತ್ತದೆ. ಐಗುಪ್ತದಿಂದ ಹೊರಟ ಜನರು ಅರಣ್ಯದಲ್ಲಿ ಹಸಿವೆಯಿಂದ ಗುಣುಗುಟ್ಟಿದಾಗ ದೇವರು ಮನ್ನ ಎಂಬ ಆಹಾರವನ್ನು ಆಕಾಶದಿಂದ ಕೊಟ್ಟನು. ಒಬ್ಬೊಬ್ಬರಿಗೆ ದಿನಕ್ಕೆ ಓಮೆರ್ ಎಂಬ ಒಂದು ಅಳತೆಯಷ್ಟು. ಕೂಡಿಸಿದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದೆಂದು ಮೋಶೆ ಹೇಳಿದ್ದರೂ ಕೆಲವರು ಇಟ್ಟುಕೊಂಡರು. ಬೆಳಗಾಗುವಷ್ಟರಲ್ಲಿ ಅದಕ್ಕೆ ಹುಳ ಬಿದ್ದು ನಾರುತ್ತಿತ್ತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆಂದು ಉಳಿಸಿಕೊಂಡಾಗ ಅದು ಕೆಡಲಿಲ್ಲ. ಅಂದರೆ, ಕೆಡದಂತೆ ಇಡುವುದು ದೇವರಿಗೆ ಕಷ್ಟದ ಕೆಲಸವಾಗಿರಲಿಲ್ಲ. ವಾರಕ್ಕೊಮ್ಮೆ ಕೊಟ್ಟು, ಉಳಿದ ಆರು ದಿನ ಅವರನ್ನು ಅವರ ಪಾಡಿಗೆ ಬಿಡಬಹುದಾಗಿತ್ತು. ಹಾಗೆ ಮಾಡದೆ, ನಲವತ್ತು ವರ್ಷ, ಸಬ್ಬತ್ತನ್ನು ಬಿಟ್ಟು ಪ್ರತಿ ಬೆಳಗ್ಗೆ, ಗುಡಾರದಿಂದ ಹೊರಗೆ ಬಂದು ಬಗ್ಗಿ ಹೆಕ್ಕಿಕೊಳ್ಳುವಂತೆ ಮಾಡಿದನು. ಕಾನಾನ್ ದೇಶದ ಬೆಳೆಯನ್ನು ಉಂಡ ಮರುದಿನವೇ ಮನ್ನ ನಿಂತಿತು ಎಂದು ಯೆಹೋಶುವನ ಗ್ರಂಥ ಹೇಳುತ್ತದೆ. ಬೇಕಾದಷ್ಟು ಕಾಲ ಅದು ತಪ್ಪಲಿಲ್ಲ. ಬೇಡವಾದ ಮೇಲೆ ಬರಲಿಲ್ಲ. ನಮ್ಮ ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಬೇಡುವುದು ಅನುದಿನದ ಆಹಾರವನ್ನು, ಅದೂ ಈ ಹೊತ್ತಿಗೆ. ಬಲವೂ ಅಂಥದ್ದೇ. ಕಾಳು ದೇವರ ಕಣಜದಲ್ಲಿದೆ, ಅಲ್ಲಿ ಅದು ಎಷ್ಟು ಕಾಲವಾದರೂ ಕೆಡುವುದಿಲ್ಲ. ನಮ್ಮ ಕೈಗೆ ಬರುವುದು ಇಂದಿನ ರೊಟ್ಟಿಗೆ ಬೇಕಾದ ಹಿಟ್ಟು. ಮುಂದಿನ ಐದು ವರ್ಷದ ಹಿಟ್ಟನ್ನು ಈಗಲೇ ಬೀಸಿಕೊಡು ಎಂದು ನಾವು ಕೇಳುತ್ತೇವೆ. ಅದು ಸಿಗದೆ ಹೋದಾಗ ದೇವರು ಬಲ ಕೊಡಲಿಲ್ಲವೆಂದು ನೊಂದುಕೊಳ್ಳುತ್ತೇವೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಪಿಂಪ್ರಿಯಲ್ಲಿ ಎರಡು ಕೋಣೆಯ ಮನೆ. ಬಂದ ಮೂರನೆಯ ವರ್ಷ ಅವ್ವನಿಗೆ ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದವು; ಮಾತೂ ಹೋಯಿತು. ನಾಲ್ಕು ವರ್ಷ ಹಾಸಿಗೆಯಲ್ಲಿದ್ದಳು. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಡಾಕ್ಟರು ಹೇಳಿದ್ದರು. ನಾನು ಶಿಫ್ಟಿನ ಮೇಲೆ ಕಾರ್ಖಾನೆಗೆ ಹೋಗುವವನು. ರಾತ್ರಿಪಾಳಿ ಇದ್ದ ವಾರಗಳಲ್ಲಿ ಎಲ್ಲವೂ ನನ್ನ ಹೆಂಡತಿಯ ಮೇಲೆ. ಒಂದು ರಾತ್ರಿ, ನಾನು ಮನೆಯಲ್ಲಿದ್ದಾಗ, ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗಿ ನೋಡಿದರೆ ಆಕೆ ಅಡುಗೆಮನೆಯ ನೆಲದ ಮೇಲೆ, ಗ್ಯಾಸಿನ ಸಿಲಿಂಡರಿಗೆ ಒರಗಿ ಕುಳಿತಿದ್ದಳು. ಅಳುವ ಸದ್ದು ಅವ್ವನಿಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ‘ಅತ್ತಿಯವರು ಇನ್ನ ಐದು ವರ್ಷ ಹಿಂಗ ಇದ್ದರ ನನ್ನ ಕೈಲೆ ಆಗೂದಿಲ್ಲರಿ’ ಎಂದಳು. ಆಗ ನಾನು ಮಾಡಿದ್ದನ್ನು ನಿಮ್ಮ ಮುಂದೆ ಹೇಳಲೇಬೇಕು. ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳದೆ, ಬಾಗಿಲಲ್ಲೇ ನಿಂತು, ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ ವಾಕ್ಯವನ್ನು ಹೇಳಿದೆ. ಆಕೆ ಉತ್ತರ ಕೊಡಲಿಲ್ಲ. ಎದ್ದು ಮುಖ ತೊಳೆದುಕೊಂಡು ಅವ್ವನ ಮಗ್ಗುಲು ಬದಲಿಸುವುದಕ್ಕೆ ಹೋದಳು.

ವಾಕ್ಯ ಸತ್ಯವಾದದ್ದೇ. ಆದರೆ ಅದನ್ನು ನಾನು ಹೇಳಿದ ರೀತಿಯಲ್ಲಿ ಅಪೊಸ್ತಲನಾದ ಪೌಲನು ಹೇಳಿರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಆ ಮಾತು ಬರುವ ಮೊದಲು ಆತನು ಹೊಟ್ಟೆತುಂಬ ಊಟವಿದ್ದ ದಿನಗಳನ್ನೂ ಹಸಿದಿದ್ದ ದಿನಗಳನ್ನೂ ನೆನೆಯುತ್ತಾನೆ. ಅದನ್ನು ಬರೆಯುವಾಗ ಬೇಡಿಹಾಕಿಸಿಕೊಂಡು ಸೆರೆಯಲ್ಲಿದ್ದನು. ಆ ಮಾತು ಮುಗಿದ ಮರುಕ್ಷಣವೇ, ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತೆಂದು ಆ ಸಭೆಯವರಿಗೆ ಉಪಕಾರ ಸ್ಮರಿಸುತ್ತಾನೆ. ಎಪಫ್ರೊದೀತನ ಕೈಯಲ್ಲಿ ಅವರು ಕಳುಹಿಸಿದ ಸಹಾಯ ಬಂದು ಮುಟ್ಟಿತ್ತು. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದವನು ಇನ್ನೊಬ್ಬರ ಸಹಾಯವನ್ನು ಎರಡೂ ಕೈಗಳಿಂದ ಸ್ವೀಕರಿಸಿದವನು. ಪರೀಕ್ಷೆಗೆ ಕೂರುವ ಮಕ್ಕಳ ಕಂಪಾಸು ಪೆಟ್ಟಿಗೆಯ ಮೇಲೂ ಹೊಸ ಕಾರಿನ ಗಾಜಿನ ಮೇಲೂ ಆ ವಾಕ್ಯವನ್ನು ಅಂಟಿಸಿರುವುದನ್ನು ನೋಡುತ್ತೇನೆ. ಹಾಗೆ ಅಂಟಿಸುವುದು ತಪ್ಪೆಂದು ಹೇಳುವುದಿಲ್ಲ. ಆದರೆ ಅದು ಗೆಲ್ಲುವವರ ಘೋಷವಾಗುವುದಕ್ಕೆ ಮೊದಲು ಹಸಿವೆಯನ್ನು ಸಹಿಸಿದ ಒಬ್ಬ ಕೈದಿಯ ಸಾಕ್ಷಿಯಾಗಿತ್ತು ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ನನ್ನ ಹೆಂಡತಿಯ ಅಳುವಿಗೆ ದೇವರ ಉತ್ತರ ಬಂದದ್ದು ನನ್ನ ಬಾಯಿಂದಲ್ಲ. ಪಕ್ಕದ ಮನೆಯ ಮಾವಶಿ, ಸತಾರಾ ಕಡೆಯ ಮರಾಠಿ ಹೆಣ್ಣುಮಗಳು, ನಮ್ಮ ಸಭೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಗೋಡೆಯ ಆಚೆಯಿಂದ ಅವರಿಗೆ ಎಲ್ಲವೂ ಕೇಳಿಸಿರಬೇಕು. ಮಾರನೆಯ ದಿನ ಮಧ್ಯಾಹ್ನ ಸೊಪ್ಪು ಸೋಸುವ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು, ಅವ್ವನ ಮಂಚದ ಪಕ್ಕದಲ್ಲಿ ಕುಳಿತು, ‘ತುಮ್ಹೀ ಝೋಪಾ, ಮೀ ಬಸತೆ’ ಎಂದರು. ನೀವು ಮಲಗಿ, ನಾನು ಕೂರುತ್ತೇನೆ. ಅಷ್ಟೇ. ಅಂದಿನಿಂದ ಅವ್ವ ತೀರಿಕೊಳ್ಳುವವರೆಗೆ, ಹಬ್ಬಹುಣ್ಣಿಮೆ ಬಿಟ್ಟರೆ, ಪ್ರತಿದಿನ ಎರಡು ತಾಸು ಬಂದು ಕೂರುತ್ತಿದ್ದರು. ಆ ಎರಡು ತಾಸಿನ ನಿದ್ದೆಯಿಂದ ನನ್ನ ಹೆಂಡತಿ ಉಳಿದ ಇಪ್ಪತ್ತೆರಡು ತಾಸನ್ನು ತಾಳಿದಳು. ಐದು ವರ್ಷದ ಬಲ ಆಕೆಗೆ ಎಂದೂ ಸಿಗಲಿಲ್ಲ.

ಪ್ರವಾದಿ ಎಲೀಯನ ಕಥೆ ನಿಮಗೆಲ್ಲ ಗೊತ್ತಿದೆ, ಆದರೂ 1 ಅರಸುಗಳು 19ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ನಿಧಾನವಾಗಿ ಓದಿರಿ ಎಂದು ಬೇಡಿಕೊಳ್ಳುತ್ತೇನೆ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದು ಹಿಂದಿನ ಅಧ್ಯಾಯದಲ್ಲಿ. ಅಂಥ ದಿನವನ್ನು ಕಂಡವನು ರಾಣಿ ಈಜೆಬೆಲಳ ಒಂದು ಮಾತಿಗೆ ಹೆದರಿ ಬೇರ್ಷೆಬಕ್ಕೆ ಓಡಿ, ಅಲ್ಲಿಂದಲೂ ಒಂದು ದಿನದ ದಾರಿ ಅರಣ್ಯದೊಳಗೆ ನಡೆದು, ಒಂದು ಗಿಡದ ಕೆಳಗೆ ಕುಳಿತು, ನನ್ನ ಪ್ರಾಣವನ್ನು ತೆಗೆದುಬಿಡು, ನನಗೆ ಸಾಕಾಯಿತು ಎಂದು ಬೇಡಿಕೊಂಡನು. ದೇವರ ಭಕ್ತನೊಬ್ಬನು ಸಾವನ್ನು ಬೇಡಿಕೊಂಡ ಮಾತನ್ನು ಶಾಸ್ತ್ರ ಮುಚ್ಚಿಡಲಿಲ್ಲ. ಅದಕ್ಕಿಂತ ನನಗೆ ಆಶ್ಚರ್ಯವೆನಿಸುವುದು ಅದರ ಮುಂದಿನದ್ದು. ದೇವರು ಆತನನ್ನು ಗದರಿಸಲಿಲ್ಲ; ಇಷ್ಟು ದೊಡ್ಡ ಅದ್ಭುತ ಕಂಡವನು ಹೀಗೆ ಮಾತನಾಡಬಹುದೇ ಎಂದು ಕೇಳಲಿಲ್ಲ. ಮಲಗಲು ಬಿಟ್ಟನು. ಆಮೇಲೆ ದೂತನು ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ಒಂದು ತಂಬಿಗೆ ನೀರಿತ್ತು. ಎಲೀಯನು ಉಂಡು ಕುಡಿದು ಮತ್ತೆ ಮಲಗಿದನು. ದೂತನು ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಲು ಹೇಳಿದನು, ಏಕೆಂದರೆ ಮುಂದಿನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದನು. ದೂತನು ಹೇಳಿದ್ದನ್ನು ಗಮನಿಸಿರಿ: ನಿನಗೆ ಆಗುತ್ತದೆ, ಎದ್ದೇಳು ಎಂದು ಹುರುಪು ತುಂಬಲಿಲ್ಲ. ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಂಡು ರೊಟ್ಟಿ ಕೊಟ್ಟನು. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಕೇಳಿಸುವುದಕ್ಕೆ ಇನ್ನೂ ನಲವತ್ತು ದಿನವಿತ್ತು. ಮೊದಲು ನಿದ್ದೆ, ಊಟ; ಮಾತು ಆಮೇಲೆ.

ನಿಮ್ಮಲ್ಲಿ ಯಾರಾದರೂ ಆ ಗಿಡದ ಕೆಳಗೆ ಕುಳಿತಿದ್ದರೆ, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಹೋಗಿ ಮನೆಯ ಕಂತು ಕಟ್ಟಲಾಗದೆ ರಾತ್ರಿ ನಿದ್ದೆ ಬಾರದೆ ಇದ್ದರೆ, ಮನಸ್ಸು ಕತ್ತಲಾಗಿ ಬದುಕೇ ಬೇಡವೆನಿಸಿದ್ದರೆ, ದಯವಿಟ್ಟು ಅದನ್ನು ನಂಬಿಕೆಯ ಕೊರತೆಯೆಂದು ಬಚ್ಚಿಡಬೇಡಿರಿ. ಮನೆಯವರಿಗೆ ಹೇಳಿರಿ, ಸಭಾಪಾಲಕರಾದ ಅಯ್ಯನವರಿಗೆ ಹೇಳಿರಿ, ಡಾಕ್ಟರ ಹತ್ತಿರ ಹೋಗಿರಿ. ಕೊಟ್ಟ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿರಿ. ಕೆಂಡದ ಮೇಲಿನ ರೊಟ್ಟಿಯನ್ನು ಕಳುಹಿಸಿದ ದೇವರೇ ವೈದ್ಯನ ಕೈಯಿಂದಲೂ ಕೊಡುವವನು.

ಈಗ ಒಬ್ಬ ಹೆಣ್ಣುಮಗಳ ಕುರಿತು ಹೇಳಬೇಕು. ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿ, ರಾಯಚೂರಿಗೆ ರೈಲಿನಲ್ಲಿ ಹೋಗುವಾಗ, ದೌಂಡ್ ಜಂಕ್ಷನ್‌ಗಿಂತ ಮೊದಲು, ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಕೇಡಗಾಂವ್ ಎಂಬ ಊರು ಬರುತ್ತದೆ. ರೈಲು ಓಡುತ್ತಲೇ ಅದನ್ನು ದಾಟುವುದರಿಂದ ನಮ್ಮಲ್ಲಿ ಬಹಳ ಜನ ಅದರ ಹೆಸರನ್ನೂ ಗಮನಿಸಿರುವುದಿಲ್ಲ. ಪಂಡಿತಾ ರಮಾಬಾಯಿಯವರು ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಆಶ್ರಯ, ಮುಕ್ತಿ ಮಿಷನ್, ಇರುವುದು ಅಲ್ಲಿ. ಮರಾಠಿಯವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಜನರ ವಿರೋಧ ಕಟ್ಟಿಕೊಂಡು ಕಾಡಿನಲ್ಲಿ ಮನೆ ಮಾಡಿದವರು. ಮಗಳಿಗೆ ಕಲಿಸಿದ್ದು ಆ ತಾಯಿ ಲಕ್ಷ್ಮೀಬಾಯಿ.

ನಾನು ಅವರನ್ನು ಇಲ್ಲಿ ತರುತ್ತಿರುವುದು ಉಕ್ಕಿನಂಥ ಹೆಂಗಸು ಎಂದು ಹೊಗಳುವುದಕ್ಕಲ್ಲ. ಅವರ ಸಾಕ್ಷಿಯನ್ನು ಓದಿದರೆ ಕಾಣುವುದು ಬೇರೆಯೇ. 1870ರ ದಶಕದ ಬರಗಾಲದಲ್ಲಿ, ತೀರ್ಥಯಾತ್ರೆಯ ದಾರಿಯಲ್ಲಿ, ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಸಾವಿರಾರು ಮೈಲಿ ಬರಿಗಾಲಲ್ಲಿ ನಡೆದರು. ಪಂಜಾಬಿನ ಚಳಿಯ ಒಂದು ರಾತ್ರಿ ಹೊದೆಯಲು ಏನೂ ಇಲ್ಲದೆ, ಝೇಲಂ ನದಿಯ ದಂಡೆಯಲ್ಲಿ ಗೋರಿಯಂತೆ ಎರಡು ಗುಂಡಿ ತೋಡಿ, ಅದರಲ್ಲಿ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಮರಳು ಎಳೆದುಕೊಂಡು ಬೆಳಗು ಮಾಡಿದರು. ಆಮೇಲೆ ಕಲಕತ್ತಾದ ಪಂಡಿತರು ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು, ಅದೇ ವರ್ಷ ಮದುವೆಯಾಯಿತು. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಮಡಿಲಲ್ಲಿ ಮನೋರಮಾ ಎಂಬ ಕೂಸು. ಮಾರನೆಯ ವರ್ಷ ವೈದ್ಯಕೀಯ ಓದಬೇಕೆಂದು ಇಂಗ್ಲೆಂಡಿಗೆ ಹೋದರೆ ಕಿವಿ ಸರಿಯಾಗಿ ಕೇಳದ ಕಾರಣ ಆ ದಾರಿಯೂ ಮುಚ್ಚಿತು.

1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಹೊಂದಿದರು. ಅಲ್ಲಿಂದ ಮುಂದೆ ಎಲ್ಲವೂ ಸುಗಮವಾಯಿತೆಂದು ನಾವು ಹೇಳಿಬಿಡುತ್ತೇವೆ, ಆದರೆ ಅವರೇ ಹಾಗೆ ಹೇಳಲಿಲ್ಲ. ದೀಕ್ಷಾಸ್ನಾನವಾದ ಸುಮಾರು ಎಂಟು ವರ್ಷಗಳ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಆದರೆ ಆ ಧರ್ಮದ ಜೀವವಾದ ಕ್ರಿಸ್ತನು ಸಿಕ್ಕಿಲ್ಲವೆಂಬುದು ತನಗೆ ಅರಿವಾಯಿತೆಂದು ಅವರು ಬರೆದಿದ್ದಾರೆ. ಎಂಟು ವರ್ಷ! ಆ ಅವಧಿಯಲ್ಲಿ ಅಮೆರಿಕದಲ್ಲಿ ಊರೂರು ತಿರುಗಿ ಉಪನ್ಯಾಸ ಮಾಡಿದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು, ಮರುವರ್ಷ ಅದನ್ನು ಈ ಪುಣೆಗೆ ತಂದರು, ಇಲ್ಲಿ ಕಟು ವಿರೋಧವನ್ನೂ ಎದುರಿಸಿದರು. ಒಳಗೆ ಒಣಗಿದ್ದಾಗಲೂ ಕೆಲಸ ನಿಲ್ಲಲಿಲ್ಲ. ಪ್ರಾರ್ಥಿಸುವಾಗ ಏನೂ ಅನ್ನಿಸುವುದಿಲ್ಲ, ಆರಾಧನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ನನ್ನ ಹತ್ತಿರ ಬಂದು ಗುಟ್ಟಾಗಿ ಹೇಳುವವರಿದ್ದಾರೆ. ಅವರಿಗೆ ನಾನು ಈ ಎಂಟು ವರ್ಷಗಳನ್ನೇ ತೋರಿಸುತ್ತೇನೆ. ನಾವು ಆತನನ್ನು ಹಿಡಿದಿದ್ದೇವೆಂದು ನಮಗೆ ಅನ್ನಿಸದ ಕಾಲದಲ್ಲೂ ಆತನು ನಮ್ಮನ್ನು ಹಿಡಿದಿರುತ್ತಾನೆ.

1896-97ರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರ ಬಿದ್ದಾಗ, ತಾನು ಕಂಡ ಹಸಿವೆಯನ್ನು ಮರೆಯದ ಅವರು ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗ್. ಅಷ್ಟು ಜನರನ್ನು ನಗರದಲ್ಲಿ ಇರಿಸಿಕೊಳ್ಳುವಂತಿಲ್ಲವೆಂದಾದಾಗ, ಕೇಡಗಾಂವದ ಹೊಲದಲ್ಲಿ ಗುಡಿಸಲು ಹಾಕಿ ಅವರನ್ನು ಉಳಿಸಿಕೊಂಡರು. ಮುಂದೆ ಗುಜರಾತಿನ ಬರಗಾಲದವರೂ ಬಂದು ಸೇರಿ ಸಂಖ್ಯೆ ಸಾವಿರವನ್ನು ದಾಟಿತು. ಮಳೆ ಕೈಕೊಟ್ಟ ಆ ವರ್ಷ ಕೇಡಗಾಂವದ ಬಾವಿಗಳು ಸಂಜೆಯ ಹೊತ್ತಿಗೆ ಕೊನೆಯ ತಂಬಿಗೆಯವರೆಗೆ ಬರಿದಾಗುತ್ತಿದ್ದವು, ಬೆಳಗಾಗುವಷ್ಟರಲ್ಲಿ ಆ ದಿನಕ್ಕೆ ಬೇಕಾದಷ್ಟು ನೀರು ಮತ್ತೆ ಒಸರಿರುತ್ತಿತ್ತು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಸಂಜೆ ಆ ಬಾವಿಯ ತಳವನ್ನು ಬಗ್ಗಿ ನೋಡಿದವರ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ಯೋಚಿಸಿರಿ. ಸಾವಿರಕ್ಕಿಂತ ಹೆಚ್ಚು ಬಾಯಿಗಳು, ನಾಳೆಗೆ ಒಂದು ಕೊಡವೂ ಇಲ್ಲ. ಅದನ್ನು ನೋಡಿಯೂ ಹೋಗಿ ಮಲಗಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳದೆ ಮುಂದೆ ಹೋಗಲಾರೆ. ತಾಳ್ಮೆಯ ಉಪದೇಶವನ್ನು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿದವರು ಹೆಣ್ಣುಮಕ್ಕಳು. ಗಂಡ ಕುಡಿದು ಬಂದು ಹೊಡೆದರೂ ‘ತಾಳಿಕೋ ಮಗಳೇ, ಪ್ರಾರ್ಥನೆ ಮಾಡು’ ಎಂದು ಹೇಳಿ ಕಳುಹಿಸಿದ ಹಿರಿಯರಿದ್ದಾರೆ. ಅಂಥ ಮಾತನ್ನು ನಾನೂ ಮೌನವಾಗಿ ಕೇಳಿಸಿಕೊಂಡು ಬಂದದ್ದುಂಟು, ಅದಕ್ಕಾಗಿ ನನಗೆ ದುಃಖವಿದೆ. ಕ್ರಿಸ್ತನ ಹೆಸರಿನಲ್ಲಿ ಅದನ್ನು ಹೇಳಬಾರದು. ತಾಳಿಕೊಳ್ಳಬೇಕೆಂದು ಸಮಾಜ ಯಾರಿಗೆ ಹೇಳಿತ್ತೋ ಅಂಥವರಿಗೇ ರಮಾಬಾಯಿ ಬಾಗಿಲು ತೆರೆದರು. ಎಲ್ಲರೂ ಕೈಬಿಟ್ಟ, ಹೆಸರು ಕೆಟ್ಟವರೆಂದು ದೂರವಿಟ್ಟ ಹೆಂಗಸರಿಗಾಗಿ ಕೇಡಗಾಂವದಲ್ಲಿ ಪ್ರತ್ಯೇಕ ಮನೆಯೊಂದನ್ನು ಕಟ್ಟಿ ಅದಕ್ಕೆ ಇಟ್ಟ ಹೆಸರು ಕೃಪಾ ಸದನ. ಹೊಡೆತ ತಿನ್ನುವವಳಿಗೆ ದೇವರು ಕೊಡುವ ಬಲ ಆ ಮನೆಯಿಂದ ಹೊರಗೆ ಕಾಲಿಡುವ ಬಲವೂ ಆಗಿರಬಹುದು, ಆಕೆಗೆ ಬಾಗಿಲು ತೆರೆಯುವ ಬಲ ನಮಗೆ ಕೊಡಲ್ಪಟ್ಟಿರಬಹುದು.

ಅವರ ಕೊನೆಯ ವರ್ಷಗಳ ಕೆಲಸ ಹಳ್ಳಿಯ ಹೆಣ್ಣುಮಕ್ಕಳಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದಿಸುವುದಾಗಿತ್ತು. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಕಲಿತರು. ಅಚ್ಚಿನ ಮೊಳೆ ಜೋಡಿಸುವ ಕೆಲಸವನ್ನು ಅಲ್ಲಿನ ಹೆಣ್ಣುಮಕ್ಕಳೇ ಕಲಿತು ಮಾಡಿದರು. ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. ಕಲಬುರಗಿಯಲ್ಲಿ ತಾಯಿ ಮಗಳು ಆರಂಭಿಸಿದ ಶಾಲೆಯನ್ನು ನೋಡಿಕೊಂಡವರು ಅವರೇ. ಮುಂದೆ ಎಲ್ಲವನ್ನೂ ವಹಿಸಿಕೊಳ್ಳಬೇಕಾಗಿದ್ದ ಆ ಮಗಳು 1921ರ ಜುಲೈನಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಅರವತ್ತು ದಾಟಿದ ತಾಯಿ, ಕಿವಿ ಕೇಳದವರು, ಮೈಯಲ್ಲಿ ಶಕ್ತಿ ಉಡುಗಿದವರು, ಕರಡು ತಿದ್ದುವ ಮೇಜಿಗೆ ಮತ್ತೆ ಹೋಗಿ ಕುಳಿತರು. ಅನುವಾದವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಆ ಎಂಟೊಂಬತ್ತು ತಿಂಗಳು ಅವರು ಪ್ರತಿ ಬೆಳಗ್ಗೆ ಹೇಗೆ ಎದ್ದರೋ ದೇವರೇ ಬಲ್ಲನು. ಒಂದೊಂದು ದಿನ ಒಂದೊಂದು ಹಾಳೆ ಎಂದೇ ನಾನು ಊಹಿಸಿಕೊಳ್ಳುತ್ತೇನೆ.

ಪ್ರಾರ್ಥಿಸಿದರೂ ಮುಳ್ಳು ಹೋಗದಿದ್ದರೆ ಏನು ಮಾಡಬೇಕೆಂದು ಕಳೆದ ಕೂಟದಲ್ಲಿ ಒಬ್ಬರು ಕೇಳಿದ್ದರು. ತನ್ನ ಶರೀರದಲ್ಲಿ ಮುಳ್ಳಿನಂತೆ ನಾಟಿದ್ದ ಒಂದು ಬಾಧೆ ಹೋಗಲೆಂದು ಪೌಲನು ಮೂರು ಸಲ ಬೇಡಿದನು, ಮುಳ್ಳು ಹೋಗಲಿಲ್ಲ; ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂದಿತು. ಆ ಮುಳ್ಳು ಯಾವುದೆಂದು ಶಾಸ್ತ್ರ ಹೇಳದಿರುವುದು ನನಗೆ ಸಮಾಧಾನ ತರುತ್ತದೆ, ನಮ್ಮ ನಮ್ಮ ಮುಳ್ಳನ್ನು ಅಲ್ಲಿ ಇಟ್ಟುಕೊಳ್ಳಬಹುದು. ಬಿದ್ದುಹೋದವರ ವಿಷಯವೇನೆಂಬುದು ಇನ್ನೊಂದು ಪ್ರಶ್ನೆಯಾಗಿತ್ತು. ಶಿಷ್ಯನಾದ ಪೇತ್ರನು ತನ್ನನ್ನು ಮೂರು ಸಲ ಅಲ್ಲಗಳೆಯುವನೆಂದು ಕರ್ತನಿಗೆ ಗೊತ್ತಿತ್ತು. ಆತನು ಬೀಳದಂತೆ ಮಾಡು ಎಂದು ಕರ್ತನು ಬೇಡಿಕೊಂಡಂತೆ ಲೂಕನು ಬರೆಯುವುದಿಲ್ಲ. ಆತನ ನಂಬಿಕೆ ಕುಂದಿಹೋಗಬಾರದೆಂದು ಬೇಡಿಕೊಂಡನೆಂದು ಬರೆಯುತ್ತಾನೆ, ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಆಗಲೇ ಮುಂದಿನ ಕೆಲಸವನ್ನೂ ಕೊಟ್ಟನೆಂದು ಬರೆಯುತ್ತಾನೆ. ಪೇತ್ರನು ಬೀಳುವುದಕ್ಕೆ ಮೊದಲೇ ಆತನಿಗಾಗಿ ಪ್ರಾರ್ಥನೆ ಆಗಿತ್ತು.

ಯೆಶಾಯನ 40ನೆಯ ಅಧ್ಯಾಯದಲ್ಲಿ ಯೆಹೋವನನ್ನು ನಿರೀಕ್ಷಿಸುವವರು ಹೊಸ ಬಲವನ್ನು ಹೊಂದುವರೆಂಬ ಮಾತನ್ನು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಹೀಬ್ರೂವಿನಲ್ಲಿ ನಿರೀಕ್ಷಿಸು ಎಂಬ ಆ ಕ್ರಿಯಾಪದಕ್ಕೆ ಹತ್ತಿರದ ನಾಮಪದ ‘ತಿಕ್ವಾ’. ಅದಕ್ಕೆ ನಿರೀಕ್ಷೆ ಎಂಬ ಅರ್ಥವಿರುವ ಹಾಗೆ ದಾರ ಎಂಬ ಅರ್ಥವೂ ಇದೆ. ಯೆರಿಕೋವಿನಲ್ಲಿ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಅಲ್ಲಿ ಇದೇ ಪದವಿದೆ. ನಮ್ಮ ಬೆಟಗೇರಿ ನೇಕಾರರ ಊರು. ಒಂಟಿ ಎಳೆಯನ್ನು ಚಿಕ್ಕ ಮಗುವೂ ಕಿತ್ತುಬಿಡುತ್ತದೆ. ಎರಡು ಮೂರು ಎಳೆಗಳನ್ನು ಕೂಡಿಸಿ ಹುರಿ ಹಾಕಿದರೆ ಜಗ್ಗಿದರೂ ಹರಿಯುವುದಿಲ್ಲ ಎಂಬುದನ್ನು ಅಲ್ಲಿಯ ಹುಡುಗರು ಆಟದಲ್ಲೇ ಕಲಿಯುತ್ತಾರೆ. ಹುರಿದುಂಬಿಸು ಎಂಬ ನಮ್ಮ ಮಾತಿನಲ್ಲೂ ನನಗೆ ಆ ಹುರಿಯೇ ಕೇಳಿಸುತ್ತದೆ. ದೇವರನ್ನು ಕಾಯುವುದೆಂದರೆ ನಮ್ಮ ಸಣ್ಣ ಎಳೆಯನ್ನು ಆತನ ಎಳೆಯೊಂದಿಗೆ, ಒಬ್ಬರ ಎಳೆಯನ್ನು ಇನ್ನೊಬ್ಬರ ಎಳೆಯೊಂದಿಗೆ ಸೇರಿಸಿ ಹೊಸೆಯುವುದು ಎಂದು ಹೇಳಿದರೆ ತಪ್ಪಾಗಲಾರದು.

ಮನ್ನದ ಅಧ್ಯಾಯದ ಮುಂದಿನ ಅಧ್ಯಾಯದಲ್ಲೇ ರೆಫೀದೀಮಿನ ಯುದ್ಧ ಬರುತ್ತದೆ. ಮೋಶೆಯ ಕೈ ಮೇಲಿದ್ದಾಗ ಇಸ್ರಾಯೇಲ್ಯರು ಗೆಲ್ಲುತ್ತಿದ್ದರು. ಕೈ ಇಳಿದಾಗ ಅಮಾಲೇಕ್ಯರು. ಮೋಶೆಯ ಕೈ ಸೋತಿತು. ಸಮುದ್ರವನ್ನು ಇಬ್ಭಾಗಿಸಿದ ದೇವರು ಮೋಶೆಯ ತೋಳಿಗೆ ಹೊಸ ಕಸುವು ತುಂಬಲಿಲ್ಲ. ಆರೋನ ಮತ್ತು ಹೂರ ಒಂದು ಕಲ್ಲು ತಂದು ಆತನನ್ನು ಕೂರಿಸಿ, ಆಚೆ ಒಬ್ಬ ಈಚೆ ಒಬ್ಬ ನಿಂತು, ಹೊತ್ತು ಮುಳುಗುವವರೆಗೆ ಕೈ ಹಿಡಿದರು. ಹೂರನ ವಿಷಯವಾಗಿ ಶಾಸ್ತ್ರ ಹೇಳುವುದು ಬಹಳ ಕಡಿಮೆ. ಆದರೆ ಆ ಸಂಜೆಯವರೆಗೆ ಆತನು ಕೈ ಬಿಡಲಿಲ್ಲ ಎಂಬುದನ್ನು ಹೇಳುತ್ತದೆ.

ನಮ್ಮ ಈ ಸಭೆಯಲ್ಲೇ ಹಾಸಿಗೆ ಹಿಡಿದ ತಂದೆತಾಯಿಯನ್ನು, ಕಾಯಿಲೆಯ ಮಗುವನ್ನು, ಡಯಾಲಿಸಿಸ್‌ಗೆ ಹೋಗಿಬರುವ ಗಂಡನನ್ನು ನೋಡಿಕೊಳ್ಳುವ ಮನೆಗಳು ಆರು ಇವೆ ಎಂದು ಅಯ್ಯನವರು ಹೇಳಿದರು. ಆ ಮನೆಯವರ ಒಪ್ಪಿಗೆ ಕೇಳಿಯೇ ಒಂದು ಹಾಳೆ ಸಿದ್ಧಪಡಿಸಿದ್ದೇವೆ. ಅದರಲ್ಲಿ ವಾರದ ದಿನಗಳಿವೆ, ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎರಡೆರಡು ತಾಸಿನ ಚೌಕಗಳಿವೆ. ಯಾರೂ ಇಡೀ ವರ್ಷಕ್ಕೆ ಮಾತು ಕೊಡಬೇಕಾಗಿಲ್ಲ. ಬರುವ ವಾರ ನಿಮ್ಮಿಂದ ಆಗುವ ಎರಡು ತಾಸಿನ ಎದುರಿಗೆ ಹೆಸರು ಬರೆಯಿರಿ. ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಪೆನ್ನನ್ನು ಮೇಜಿಗೆ ದಾರದಿಂದ ಕಟ್ಟಿದ್ದೇವೆ.